ಒಂದೇ ಪಥ್ಯ, ಬೇರೆ ಬೇರೆ ಮೈ

ಉಂಡದ್ದು ‘ಮೈಗೆ ಹತ್ತುವುದು’ ಎಂಬ ಮಾತು ನಮ್ಮ ಆಡುನುಡಿಯಲ್ಲಿದೆ. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಊಟ ಉಂಡ ಇಬ್ಬರಲ್ಲಿ ಒಬ್ಬನಿಗೆ ಅದು ಮೈಗೆ ಹತ್ತುತ್ತದೆ, ಇನ್ನೊಬ್ಬನಿಗೆ ಹತ್ತುವುದಿಲ್ಲ. ಜನ ಕಣ್ಣಾರೆ ಕಂಡು ಒಪ್ಪಿಕೊಂಡಿದ್ದ ಈ ಸಂಗತಿಯನ್ನು ವಿಜ್ಞಾನವು ಅಳೆದು ನೋಡಿ ಒಪ್ಪಿಕೊಂಡ ಬಗೆಯನ್ನು ನಾನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಬಯಸುತ್ತೇನೆ.

ತೂಕ ಇಳಿಸುವ ಪಥ್ಯದ ಆಧುನಿಕ ಚರಿತ್ರೆಯನ್ನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನಿಂದ ಆರಂಭಿಸುವುದು ವಾಡಿಕೆ. ಶವಸಂಸ್ಕಾರದ ಏರ್ಪಾಡುಗಳನ್ನು ಮಾಡಿಕೊಡುವುದು ಆತನ ಮನೆತನದ ವೃತ್ತಿ. 1862ರಲ್ಲಿ ಆತನ ತೂಕ 202 ಪೌಂಡು. ಮೈ ಇಳಿಸಲೆಂದು ಆತ ಥೇಮ್ಸ್ ನದಿಯಲ್ಲಿ ದೋಣಿಗೆ ಹುಟ್ಟು ಹಾಕಿ ನೋಡಿದ್ದ. ಹಸಿವು ಹೆಚ್ಚಿತೇ ಹೊರತು ಮೈ ಇಳಿದಿರಲಿಲ್ಲ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವಿ ಎಂಬ ವೈದ್ಯನ ಬಳಿಗೆ ಹೋದಾಗ ಆತ (ಇವನು ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವಿಯಲ್ಲ, ಅದೇ ಹೆಸರಿನ ಬೇರೊಬ್ಬ) ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆಗಳನ್ನು ಬಿಡುವಂತೆ ವಿಧಿಸಿದ. ಒಂದು ವರ್ಷದೊಳಗೆ 46 ಪೌಂಡು ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ತನ್ನ ಅನುಭವವನ್ನು ಸಾರ್ವಜನಿಕರಿಗೆ ಬರೆದ ಪತ್ರವೆಂಬಂತೆ ಅಚ್ಚು ಹಾಕಿಸಿದ. ಆ ಕಿರುಹೊತ್ತಗೆ ಎಷ್ಟು ಪ್ರಸಿದ್ಧವಾಯಿತೆಂದರೆ, ಪಥ್ಯ ಮಾಡಿ ಮೈ ಇಳಿಸುವುದಕ್ಕೆ ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಆತನ ಹೆಸರಿನಿಂದ ಹುಟ್ಟಿದ ಕ್ರಿಯಾಪದವೇ ಬಳಕೆಯಲ್ಲಿದೆ.

ಒಬ್ಬನಿಗೆ ಫಲಿಸಿದ ಪಥ್ಯ ಎಲ್ಲರಿಗೂ ಫಲಿಸಬೇಕೆಂಬ ನಂಬಿಕೆ ಹೀಗೆ ಬೇರೂರಿತು. ಫಲಿಸದೆ ಹೋದರೆ ದೋಷ ಯಾರದು? ಪಾಲಿಸಿದವನದೇ ಎಂಬುದು ಸಿದ್ಧವಾಗಿದ್ದ ಉತ್ತರ. ಕದ್ದು ತಿಂದಿರಬೇಕು, ಮೈಗಳ್ಳನಿರಬೇಕು, ನಾಲಗೆಯ ಚಪಲವಿರಬೇಕು. ಹೀಗೆ ದೇಹದ ಲೆಕ್ಕ ನಡತೆಯ ಲೆಕ್ಕವಾಗಿ ಬದಲಾಯಿತು.

ಈ ತೀರ್ಪನ್ನು ಮೊದಲು ಅಲುಗಿಸಿದವರಲ್ಲಿ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಒಬ್ಬರು. ಡೆನ್ಮಾರ್ಕಿನಲ್ಲಿ ಎಳವೆಯಲ್ಲೇ ದತ್ತುಹೋಗಿ ಬೆಳೆದ 540 ಮಂದಿಯನ್ನು ಕುರಿತು ಅವರೂ ಅವರ ಸಹೋದ್ಯೋಗಿಗಳೂ ನಡೆಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಅವರ ಮೈಕಟ್ಟು ಹೆತ್ತವರ ಮೈಕಟ್ಟನ್ನು ಹೋಲುತ್ತಿತ್ತು. ಅನ್ನವಿಕ್ಕಿ ಸಾಕಿದವರೊಡನೆ ಅದಕ್ಕೆ ಸಂಬಂಧವೇ ಕಾಣಲಿಲ್ಲ.

ಇದಕ್ಕಿಂತ ಕಟ್ಟುನಿಟ್ಟಾದ ಪ್ರಯೋಗ ನಡೆದದ್ದು ಕೆನಡಾದ ಕ್ವಿಬೆಕ್‌ನ ಲಾವಾಲ್ ವಿಶ್ವವಿದ್ಯಾಲಯದಲ್ಲಿ. ಕ್ಲೋಡ್ ಬುಶಾರ್ ಮತ್ತು ಸಂಗಡಿಗರು 12 ಜೊತೆ ತದ್ರೂಪಿ ಅವಳಿ ತರುಣರನ್ನು ಹಗಲಿರುಳು ಮೇಲ್ವಿಚಾರಣೆಯಲ್ಲಿಟ್ಟು, 100 ದಿನಗಳ ಅವಧಿಯಲ್ಲಿ 84 ದಿನ ಅಗತ್ಯಕ್ಕಿಂತ 1000 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಕೊಟ್ಟರು. 1990ರಲ್ಲಿ ಪ್ರಕಟವಾದ ಫಲಿತಾಂಶ ಸೋಜಿಗದ್ದು. ಎಲ್ಲರೂ ಹೆಚ್ಚಾಗಿ ಉಂಡದ್ದು ಒಂದೇ ಮೊತ್ತ. ಆದರೆ ಒಬ್ಬನ ತೂಕ 4.3 ಕಿಲೋ ಏರಿದರೆ ಇನ್ನೊಬ್ಬನದು 13.3 ಕಿಲೋ ಏರಿತ್ತು. ಕದ್ದು ತಿನ್ನುವ ಮಾತು ಅಲ್ಲಿ ಇರಲಿಲ್ಲ. ಒಡಹುಟ್ಟಿದ ಅವಳಿಗಳಿಬ್ಬರ ನಡುವಣ ವ್ಯತ್ಯಾಸಕ್ಕಿಂತ ಒಂದು ಜೊತೆಗೂ ಇನ್ನೊಂದು ಜೊತೆಗೂ ನಡುವಣ ವ್ಯತ್ಯಾಸ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಹೆಚ್ಚಿನ ಆಹಾರವನ್ನು ಕೊಬ್ಬಾಗಿ ಕೂಡಿಡಬೇಕೆ, ಮಾಂಸಖಂಡವಾಗಿಸಬೇಕೆ, ಸುಟ್ಟು ಕಳೆಯಬೇಕೆ ಎಂಬ ಚಯಾಪಚಯದ ನಿರ್ಣಯದಲ್ಲಿ ವಂಶದ ಪಾಲೂ ಇದೆಯೆಂಬುದು ಇದರಿಂದ ಸ್ಪಷ್ಟವಾಯಿತು.

ಏರುವುದಕ್ಕೆ ಸಲ್ಲುವ ನ್ಯಾಯ ಇಳಿಯುವುದಕ್ಕೂ ಸಲ್ಲುತ್ತದೆಯೆ? 2000ದಲ್ಲಿ ಚೆಕ್ ವೈದ್ಯ ಹೈನರ್ ಮತ್ತು ಸಹೋದ್ಯೋಗಿಗಳು 14 ಜೊತೆ ಸ್ಥೂಲಕಾಯದ ತದ್ರೂಪಿ ಅವಳಿ ಮಹಿಳೆಯರಿಗೆ ಸುಮಾರು ನಾಲ್ಕು ವಾರ ಅತ್ಯಲ್ಪ ಕ್ಯಾಲೊರಿಯ ಪಥ್ಯ ವಿಧಿಸಿ ಪಡೆದ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬಾಕೆಗೆ 5.9 ಕಿಲೋ ಇಳಿದರೆ ಮತ್ತೊಬ್ಬಾಕೆಗೆ 12.4 ಕಿಲೋ ಇಳಿದಿತ್ತು. ಅಕ್ಕತಂಗಿಯರ ಇಳಿಕೆಯಾದರೋ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತಿತ್ತು.

ಹಾಗಾದರೆ ಜೀನು ನೋಡಿ ಪಥ್ಯ ಬರೆದುಕೊಡಬಹುದಲ್ಲ ಎಂಬ ಆಸೆ ಹುಟ್ಟಿದ್ದು ಸಹಜ. 2007ರಲ್ಲಿ ಎಫ್‌ಟಿಒ ಎಂಬ ಜೀನಿನ ಒಂದು ರೂಪಭೇದವನ್ನು ತಾಯಿ ತಂದೆ ಇಬ್ಬರಿಂದಲೂ ಪಡೆದವರು ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆಂದು ತಿಳಿದುಬಂತು. ಆದರೆ 2016ರಲ್ಲಿ 9563 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಅಂಥವರಿಗೂ ತೂಕ ಇಳಿಸುವ ಕ್ರಮಗಳು ಇತರರಷ್ಟೇ ಫಲ ಕೊಟ್ಟಿದ್ದವು. 2018ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟೊಫರ್ ಗಾರ್ಡ್ನರ್ ತಂಡ 609 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿತು. ಕೊಬ್ಬು ಕಡಿಮೆಯಿರುವ ಪಥ್ಯ ಯಾರಿಗೆ, ಪಿಷ್ಟ ಸಕ್ಕರೆ ಕಡಿಮೆಯಿರುವ ಪಥ್ಯ ಯಾರಿಗೆ ಎಂಬುದನ್ನು ಮುಂಚಿತವಾಗಿ ಆರಿಸಿಕೊಂಡ ಜೀನುಗಳು ಹೇಳಲಾರದೆ ಹೋದವು. ವಂಶದ ಪ್ರಭಾವ ಒಂದೆರಡು ಜೀನುಗಳದ್ದಲ್ಲ. ನೂರಾರು ಜೀನುಗಳು ಅಷ್ಟಷ್ಟೇ ಸೇರಿ ನಡೆಸುವ ಕೆಲಸ ಅದು.

ನನಗೆ ಈ ಚರಿತ್ರೆಯಲ್ಲಿ ಎರಡು ಎಚ್ಚರಿಕೆಗಳು ಕಾಣುತ್ತವೆ. ಜೀನು ಪರೀಕ್ಷಿಸಿ ನಿಮಗೊಪ್ಪುವ ಊಟ ಹೇಳುತ್ತೇವೆಂಬ ಮಾರಾಟದ ಮಾತನ್ನು ಅವಸರದಲ್ಲಿ ನಂಬಬಾರದು. ಪಥ್ಯವನ್ನು ನಿಷ್ಠೆಯಿಂದ ನಡೆಸಿಯೂ ಇಳಿಯದವರು ‘ನಾನು ತಿಂದದ್ದು ಇಷ್ಟೇ’ ಎಂದಾಗ, ಅವರ ಮಾತನ್ನು ಸುಳ್ಳೆಂದು ತೀರ್ಮಾನಿಸಲೂಬಾರದು. ನೆರೆಯವರಿಗೆ ಹತ್ತು ಕಿಲೋ ಇಳಿಸಿದ ಪಥ್ಯ ತಮಗೆ ಐದೇ ಇಳಿಸಿತೆಂದು ಅವರು ನಾಚಬೇಕಾದದ್ದೂ ಇಲ್ಲ. ಆ ಐದು ಕಿಲೋ ಅವರ ಶ್ರಮಕ್ಕೆ ದಕ್ಕಿದ ನಿಜವಾದ ಫಲವೇ.