ರಿತೋನಾ ದೇವಿಯ ನಾಮವಿಚಾರ

ಸೀಸರನು ಗಾಲ್ ದೇಶದ ಯುದ್ಧಗಳನ್ನು ಕುರಿತ ತನ್ನ ಗ್ರಂಥದಲ್ಲಿ ಆ ಜನರ ದೇವತೆಗಳನ್ನು ಮರ್ಕ್ಯುರಿ, ಮಿನರ್ವಾ ಮುಂತಾದ ರೋಮನ್ ನಾಮಗಳಿಂದಲೇ ಕರೆದಿರುವನು. ಆದುದರಿಂದ ದೇಶೀಯ ನಾಮಗಳನ್ನರಿಯಲು ಶಿಲಾಲೇಖಗಳೇ ಮುಖ್ಯವಾದ ಆಧಾರ. ರಿತೋನಾ ಎಂಬ ದೇವಿಯು ಇಂತಹ ಲೇಖಗಳಿಂದಲೇ ಬೆಳಕಿಗೆ ಬಂದವಳು. ಅವಳ ಪುರಾಣವೊಂದೂ ಉಳಿದಿಲ್ಲ. ಉಳಿದಿರುವುದು ಹೆಸರು ಮಾತ್ರ.

ಜರ್ಮನಿಯ ಟ್ರಿಯರ್ ಪಟ್ಟಣವು ಪೂರ್ವದಲ್ಲಿ ತ್ರೆವೆರಿ ಎಂಬ ಗಾಲ್ ಜನಾಂಗದ ರಾಜಧಾನಿ. ಅಲ್ಲಿಯ ಆಲ್ಟ್‌ಬಾಖ್ ಕಣಿವೆಯಲ್ಲಿ 1924ರಿಂದ 1934ರ ವರೆಗೆ ನಡೆದ ಉತ್ಖನನದಲ್ಲಿ ಸುಮಾರು 70 ಗುಡಿಗಳ ಅವಶೇಷಗಳು ದೊರೆತುವು. ಇವುಗಳಲ್ಲಿ ಈ ದೇವಿಯ ಗುಡಿಯೂ ಒಂದು.

ಗಾಲಿಷ್ ಭಾಷೆಯಲ್ಲಿ ‘ರಿತು’ ಎಂದರೆ ನೀರಿನಲ್ಲಿ ನಡೆದೇ ನದಿಯನ್ನು ದಾಟಬಹುದಾದ ಕಡವು. ಇದಕ್ಕೂ ಸಂಸ್ಕೃತದ ‘ಋತು’ ಶಬ್ದಕ್ಕೂ ಸಂಬಂಧವಿಲ್ಲ. ಫ್ರಾನ್ಸಿನ ಲಿಮೋಜ್ ನಗರಕ್ಕೆ ಹಿಂದೆ ‘ಆಗುಸ್ತೊರಿತುಮ್’, ಅಂದರೆ ಆಗಸ್ಟಸನ ಕಡವು, ಎಂಬ ಹೆಸರಿದ್ದಿತು. ವೆಲ್ಷ್ ಭಾಷೆಯ ‘ರ್ಹೀದ್’, ಆಂಗ್ಲದ ‘ಫೋರ್ಡ್’, ಸೇತುವೆಯೆಂಬರ್ಥದ ಅವೆಸ್ತಾದ ‘ಪೆರೆತು’ ಇವೆಲ್ಲ ಒಂದೇ ಮೂಲದವು. ‘-ಓನಾ’ ಎಂಬ ಪ್ರತ್ಯಯವು ‘ಎಪೋನಾ’ ಎಂಬ ಅಶ್ವದೇವಿಯ ಹೆಸರಿನಲ್ಲಿಯೂ ಕಾಣಬರುತ್ತದೆ. ಹೀಗೆ ರಿತೋನಾ ಎಂದರೆ ಕಡವಿನ ಒಡತಿ ಎಂದು ವಿದ್ವಾಂಸರು ಅರ್ಥೈಸುವರು.

ಆದರೆ ಸಾರ್ ನದೀತೀರದ ಪಾಖ್ಟೆನ್ ಗ್ರಾಮದ ಲೇಖದಲ್ಲಿ ‘ಪ್ರಿತೋನಾ’ ಎಂದಿದೆ. ತೊಡಕು ಇಲ್ಲಿಯೇ ಹುಟ್ಟುತ್ತದೆ. ಕೆಲ್ಟ್ ಭಾಷೆಗಳು ಶಬ್ದದ ಆದಿಯ ಪಕಾರವನ್ನು ಬಹು ಹಿಂದೆಯೇ ಕಳೆದುಕೊಂಡುವು; ಲ್ಯಾಟಿನ್ನಿನ ‘ಪತೆರ್’ ಪ್ರಾಚೀನ ಐರಿಷ್‌ನಲ್ಲಿ ‘ಅಥಿರ್’. ‘ಪಾಲ್’ ‘ಹಾಲು’ ಆದುದನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಾಗಿ ತೋರದು. ಅಲ್ಲಿ ಹಕಾರವೂ ಉಳಿಯಲಿಲ್ಲವೆಂಬುದಷ್ಟೇ ಭೇದ. ಹಾಗಿರುವಲ್ಲಿ ‘ಪ್ರಿತೋನಾ’ ಎಂಬುದನ್ನು ‘ರಿತೋನಾ’ ಎಂಬುದರ ಪೂರ್ವರೂಪವೆಂದು ಹೇಳುವುದು ಸುಲಭವಲ್ಲ. ಗಾಲಿಷ್‌ನ ಪಕಾರವು ಸಾಮಾನ್ಯವಾಗಿ ಹಳೆಯ ‘ಕ್ವ’ ಧ್ವನಿಯಿಂದ ಬಂದುದು. ಆ ದಾರಿ ಹಿಡಿದರೆ ಈ ಹೆಸರನ್ನು ಸಂಸ್ಕೃತದ ‘ಕ್ರೀ’ (ಕೊಳ್ಳು) ಧಾತುವಿಗೆ ಬಂಧುವಾದ ವೆಲ್ಷಿನ ‘ಪ್ರೀದ್’ (ಬೆಲೆ) ಶಬ್ದದೊಡನೆ ಹೊಂದಿಸಬಹುದು. ಆಗ ಕಡವಿನ ದೇವಿಯು ಕ್ರಯದ ದೇವಿಯಾಗುವಳು! ಪಾಖ್ಟೆನಿನ ಪ್ರಾಚೀನ ನಾಮವಾದ ‘ಕೊಂತಿಯೊಮಾಗುಸ್’ ಎಂಬುದರಲ್ಲಿ ‘ಮಾಗುಸ್’ ಶಬ್ದಕ್ಕೆ ಬಯಲು, ಸಂತೆ ಎಂಬರ್ಥಗಳಿರುವುದರಿಂದ ಈ ಊಹೆ ಮನಸ್ಸನ್ನು ಸೆಳೆಯುತ್ತದೆ. ಆದರೂ ಧ್ವನಿಸಾಮ್ಯದಿಂದಲೇ ಪೂಜೆಯ ಸ್ವರೂಪವನ್ನು ನಿರ್ಣಯಿಸುವುದು ಉಚಿತವಲ್ಲ. ಆ ಲೇಖವು ದಾಟುವುದನ್ನಾಗಲಿ ಕೊಳ್ಳುವುದನ್ನಾಗಲಿ ಹೇಳುವುದಿಲ್ಲ. ಕೊಂತಿಯೊಮಾಗುಸಿನ ಗ್ರಾಮಸ್ಥರ ಕ್ಷೇಮಕ್ಕಾಗಿ ತೆರ್ತಿನಿಯುಸ್ ಮೊದೆಸ್ತುಸ್ ಎಂಬಾತನು ಇದನ್ನು ಮಾಡಿಸಿದನೆಂದಷ್ಟೇ ಹೇಳುತ್ತದೆ.