ಕನ್ನಡದ ಅಕ್ಷರಕ್ಕೆ ನಂಬರ್ ಕೊಡೋರು ಯಾರು?

ರಾಣೆಬೆನ್ನೂರಿನ ಗೆಳೆಯರೊಬ್ಬರು ಮನೆಯ ಹಳೇ ಕಾಗದಪತ್ರದ ಫೈಲೊಂದನ್ನು ವಾಟ್ಸ್ಯಾಪ್ ಮಾಡಿದ್ದರು. ತೆರೆದರೆ ಕನ್ನಡವೇ ಇಲ್ಲ; ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ಚಿತ್ರಾನ್ನ. “ಫೈಲ್ ಕೆಟ್ಟೈತೇನ್ರಿ?” ಅಂದರು. ಕೆಟ್ಟಿರಲಿಲ್ಲ. ಯುನಿಕೋಡ್ ಅಲ್ಲದ ಹಳೇ ಫಾಂಟ್‌ನಲ್ಲಿತ್ತು, ಅಷ್ಟೇ.

ಸ್ಟ್ಯಾಂಡರ್ಡ್ ಅಂದ್ರೇನು?

ಒಂದು ಒಪ್ಪಂದ. ಬ್ಯಾಡಗಿ ಮಾರುಕಟ್ಟೆಯಲ್ಲಿ ‘ಕಡ್ಡಿ’, ‘ಡಬ್ಬಿ’ ಅಂದರೆ ಯಾವ ಮೆಣಸಿನಕಾಯಿ ಅಂತ ಮಾರುವವರಿಗೂ ಕೊಳ್ಳುವವರಿಗೂ ಗೊತ್ತು. ಹಾಗೆಯೇ ‘ಕ’ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನೋದನ್ನ ಎಲ್ಲ ಕಂಪ್ಯೂಟರ್‌ಗಳೂ ಒಪ್ಪಬೇಕು. ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಸಂಖ್ಯೆಗೇ ಕನ್ನಡದ ಚಿತ್ರ ತೊಡಿಸಿದ್ದವು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿಬೀಳುತ್ತೆ. ಸರ್ಚ್‌ಗೂ ಅದು ಸಿಗಲ್ಲ.

ಬರೆದವರು ಯಾರು?

ಯುನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲಿ ಭಾರತೀಯ ಲಿಪಿಗಳ ಜೋಡಣೆಗೆ ನಮ್ಮದೇ 1988ರ ‘ಇಸ್ಕಿ’ ಆಧಾರ. ಕನ್ನಡಕ್ಕೆ ಸಿಕ್ಕಿದ್ದು 128 ಸ್ಥಾನ.

ಯುನಿಕೋಡ್ ಕನ್ಸಾರ್ಷಿಯಂ ಕ್ಯಾಲಿಫೋರ್ನಿಯಾದ ಲಾಭರಹಿತ ಸಂಸ್ಥೆ. ಶುಲ್ಕ ಕಟ್ಟುವ ಪೂರ್ಣ ಸದಸ್ಯರಿಗೆ ತಾಂತ್ರಿಕ ಸಮಿತಿಯಲ್ಲಿ ಮತ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಅಲ್ಲಿವೆ. ಇದಕ್ಕೆ ಹೊಂದಿಕೊಂಡೇ ನಡೆಯುವ ಐಎಸ್‌ಒ 10646 ಮಾನಕದಲ್ಲಿ ಮತ ದೇಶಗಳದ್ದು. ಅಲ್ಲಿ ಭಾರತದ ಪ್ರತಿನಿಧಿ ಭಾರತೀಯ ಮಾನಕ ಬ್ಯೂರೋ.

ತಪ್ಪಾದರೆ?

ಹಳಗನ್ನಡದ ‘ೞ’ಕ್ಕೆ ಯುನಿಕೋಡ್ ಇಟ್ಟ ಹೆಸರು ‘ಕನ್ನಡ ಲೆಟರ್ ಫಾ’! ಶುದ್ಧ ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ ಅನ್ನೋದು ಅವರ ನಿಯಮ. ಬದಲಿಸಿದರೆ ಅದನ್ನು ನಂಬಿದ ಸಾಫ್ಟ್‌ವೇರ್ ಕೆಡಬಹುದು. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ‘ಅಲಿಯಾಸ್’ ಎಂದು ಸೇರಿಸಿದ್ದಾರೆ. ಕರಡು ಹಂತದಲ್ಲೇ ಕನ್ನಡ ಬಲ್ಲವರು ಕಣ್ಣಾಡಿಸದಿದ್ದರೆ ತಪ್ಪು ಶಾಶ್ವತ.

ಬಾಗಿಲೇನೂ ಮುಚ್ಚಿಲ್ಲ. ಮತ ಇಲ್ಲದಿದ್ದರೂ ಯಾರು ಬೇಕಾದರೂ ಆಧಾರ ಸಮೇತ ಪ್ರಸ್ತಾವ ಕಳಿಸಬಹುದು. ಹಳೆಯ ಬರವಣಿಗೆಯ ‘ನಕಾರ ಪೊಲ್ಲು’ 2021ರಲ್ಲಿ ಸೇರಿದ್ದು ಅಂಥ ಪ್ರಸ್ತಾವದಿಂದಲೇ.

2023ರಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಕನ್ನಡದ ಅಭಿಮಾನಕ್ಕೆ ನಮ್ಮಲ್ಲಿ ವೇದಿಕೆಗಳ ಕೊರತೆಯಿಲ್ಲ. ಈ ಸಮಿತಿಯ ಕರಡು ಓದುವ ಜನ ಬೇಕು. ಮತ್ತೆ, ನಿಮ್ಮೂರಿನ ಕಚೇರಿ ಹಳೇ ಫಾಂಟ್‌ನ ಫೈಲ್ ಕೊಟ್ಟರೆ ಯುನಿಕೋಡ್‌ನಲ್ಲೇ ಕೊಡಿ ಅಂತ ಕೇಳಿ. ಓದಲಾಗದ ದಾಖಲೆ ಇದ್ದೂ ಇಲ್ಲದಂತೆ.

ಗೆಳೆಯರ ಫೈಲನ್ನು ಕನ್ವರ್ಟರ್‌ಗೆ ಹಾಕಿದೆ. ಮೊದಲ ಸಾಲಿನಲ್ಲೇ ಅವರ ಅಜ್ಜನ ಹೆಸರಿತ್ತು.