ಕೈಗಾಡಿ ಬರುವ ಮುನ್ನ

ವಾಸ್ತುಶಿಲ್ಪ ಓದುವ ಮಕ್ಕಳಿರುವ ಮನೆಯವರಿಗೆ ಈ ದೃಶ್ಯ ಹೊಸದಲ್ಲ. ನಡುರಾತ್ರಿ ಎರಡು ಗಂಟೆ. ಕೋಣೆಯ ತುಂಬ ರಟ್ಟಿನ ಚೂರು, ಅಂಟು, ಬ್ಲೇಡು, ಅರ್ಧ ಮುಗಿದ ನಕ್ಷೆ. ಬೆಳಗಾದರೆ ಸಬ್‌ಮಿಷನ್. ಮಗನೋ ಮಗಳೋ ಮಲಗುವ ಲಕ್ಷಣವಿಲ್ಲ. ಬೆಳಗ್ಗೆ ಕಾಗದದ ಕಟ್ಟಡವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿದು, ಆಟೋದಲ್ಲಿ ಕಾಲೇಜಿಗೆ ಓಟ. ಬೆಂಗಳೂರಿನ ವಿದ್ಯಾರ್ಥಿಗಳೂ ಬಲ್ಲ ಒಂದು ಪದ ಈ ಓಟಕ್ಕಿದೆ: 'ಶಾರೆತ್'. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ ಕೈಗಾಡಿ. ನಿದ್ದೆಗೆಟ್ಟು ನಕ್ಷೆ ಮುಗಿಸುವುದಕ್ಕೂ ಕೈಗಾಡಿಗೂ ಏನು ಸಂಬಂಧ? ಅದನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್‌ಗೆ ಹೋಗಬೇಕು.

ಸೇನ್ ನದಿಯ ಎಡದಂಡೆಯಲ್ಲಿ, ಬೊನಾಪಾರ್ತ್ ಬೀದಿಯಲ್ಲಿ, ಹಳೆಯ ಕ್ರೈಸ್ತ ಮಠವೊಂದಿದ್ದ ಜಾಗದಲ್ಲಿ 'ಎಕೋಲ್ ದೆ ಬೋಜಾರ್' ಎಂಬ ಲಲಿತಕಲೆಗಳ ಶಾಲೆಯಿತ್ತು. ಅದರ ಮೂಲ 1671ರಲ್ಲಿ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ಆರಂಭವಾದ ರಾಜಮನೆತನದ ವಾಸ್ತುಶಿಲ್ಪ ಅಕಾಡೆಮಿ. ಫ್ರಾನ್ಸಿನ ಮಹಾಕ್ರಾಂತಿ 1793ರಲ್ಲಿ ಅಕಾಡೆಮಿಗಳಿಗೆ ಬೀಗ ಹಾಕಿತು. ಪಾಠ ಮಾತ್ರ ಹೇಗೋ ಮುಂದುವರಿಯಿತು. 1819ರಲ್ಲಿ ಶಾಲೆಗೆ ಹೊಸ ರೂಪ ಬಂತು. ಶುಲ್ಕವಿರಲಿಲ್ಲ. ಪರದೇಶದವರಿಗೂ ಪ್ರವೇಶವಿತ್ತು. ಆದರೆ ಪ್ರವೇಶ ಪರೀಕ್ಷೆ ಕಠಿಣ. ರೇಖಾಚಿತ್ರ, ಗಣಿತ, ಜ್ಯಾಮಿತಿ, ಇತಿಹಾಸ ಎಲ್ಲದರಲ್ಲೂ ಗೆಲ್ಲಬೇಕು. ಮೂವತ್ತು ವರ್ಷ ತುಂಬಿದರೆ ಶಾಲೆಯ ಬಾಗಿಲು ಮುಚ್ಚಿದಂತೆ.

ಈ ಶಾಲೆಯ ವಿಚಿತ್ರವೆಂದರೆ ವಾಸ್ತುಶಿಲ್ಪದ ಜೀವಾಳವಾದ ವಿನ್ಯಾಸವನ್ನು ಶಾಲೆಯೊಳಗೆ ಕಲಿಸುತ್ತಿರಲಿಲ್ಲ! ಶಾಲೆಯಲ್ಲಿ ಉಪನ್ಯಾಸ, ಗ್ರಂಥಾಲಯ ಮತ್ತು ಸ್ಪರ್ಧೆ. ವಿನ್ಯಾಸದ ಕಲಿಕೆಯೆಲ್ಲ ಹೊರಗಿನ ಗಲ್ಲಿಗಳಲ್ಲಿದ್ದ 'ಅತೆಲ್ಯೆ' ಎಂಬ ಕಾರ್ಯಶಾಲೆಗಳಲ್ಲಿ. ಹೆಸರಾಂತ ವಾಸ್ತುಶಿಲ್ಪಿಯೊಬ್ಬನನ್ನು ವಿದ್ಯಾರ್ಥಿಗಳು ಗುರುವಾಗಿ ಒಪ್ಪಿಕೊಂಡು, ತಾವೇ ಚಂದಾ ಎತ್ತಿ ಕೋಣೆಯ ಬಾಡಿಗೆ, ಒಲೆಯ ಇಂಧನ, ದೀಪದ ಖರ್ಚು ನೋಡಿಕೊಳ್ಳುತ್ತಿದ್ದರು. ಲೆಕ್ಕ ಇಡಲು ತಮ್ಮಲ್ಲೇ ಒಬ್ಬನನ್ನು ಆರಿಸುತ್ತಿದ್ದರು. ಗುರು ಆಗಾಗ ಬಂದು ಹಲಗೆಯಿಂದ ಹಲಗೆಗೆ ನಡೆದು, ತಿದ್ದಿ, ಹೋಗುತ್ತಿದ್ದ. ಶಾಲೆಯೊಳಗೇ ಮೂರು ಅಧಿಕೃತ ಅತೆಲ್ಯೆಗಳು ಬಂದದ್ದು 1863ರ ಸುಧಾರಣೆಯ ನಂತರ.

ಉಳಿದ ಪಾಠವೆಲ್ಲ ಹಿರಿಯರಿಂದ ಕಿರಿಯರಿಗೆ. ಹೊಸಬನ ಪಾಡು ಯಾರಿಗೂ ಬೇಡ. ಒಲೆ ಉರಿಸಬೇಕು, ಹಲಗೆ ಹೊರಬೇಕು, ಹಿರಿಯರು ಕೇಳಿದಾಗ ಹಾಡಬೇಕು. ನಮ್ಮ ಹಾಸ್ಟೆಲುಗಳ ರ‍್ಯಾಗಿಂಗಿನ ಹಿರಿಯಣ್ಣ ಎನ್ನಬಹುದು. ಆದರೆ ಸ್ಪರ್ಧೆ ಹತ್ತಿರವಾದಾಗ ಅದೇ ಹೊಸಬನ ಕೈಗೆ ಹಿರಿಯರು ಕುಂಚ ಕೊಡುತ್ತಿದ್ದರು. ನೆರಳಿಗೆ ಬಣ್ಣ ತುಂಬು, ಕಂಬಗಳಿಗೆ ಮಸಿ ಎಳೆ. ಹಾಗೆ ಎಳೆಯುತ್ತ ಎಳೆಯುತ್ತಲೇ ಅವನು ಕಲಿಯುತ್ತಿದ್ದ. ತನ್ನ ಸರದಿ ಬಂದಾಗ ಅವನಿಗೂ ನೆರವಾಗಲು ಹೊಸಬರು ಸಿದ್ಧ.

ಈ ಕಾರ್ಯಶಾಲೆಗಳಿಂದ ಶಾಲೆಗೆ ನಕ್ಷೆ ಸಾಗಿಸುವುದೇ ಕೈಗಾಡಿಯ ಕೆಲಸ. ಒಂದೊಂದು ಹಲಗೆಯೂ ಆಳೆತ್ತರ. ಕಂಕುಳಲ್ಲಿ ಇಟ್ಟುಕೊಂಡು ಹೋಗುವಂಥದ್ದಲ್ಲ. ಗಡುವಿನ ದಿನ ಗಾಡಿ ಬಂದು ನಿಂತಾಗ ಕೆಲಸ ಮುಗಿಯದವರು ಗಾಡಿಯ ಮೇಲೇ ಹತ್ತಿ, ಅದು ಕಲ್ಲುಹಾಸಿನ ಮೇಲೆ ಗಡಗಡ ಉರುಳುವಾಗಲೇ ಕೊನೆಯ ಗೆರೆ ಎಳೆಯುತ್ತಿದ್ದರು ಎಂಬುದು ಪ್ಯಾರಿಸ್ ವಿದ್ಯಾರ್ಥಿಗಳ ಬಾಯಿಂದ ಬಾಯಿಗೆ ಬಂದ ಕಥೆ. ಗಡುವಿನ ಒತ್ತಡದಲ್ಲಿರುವವನನ್ನು 'ಗಾಡಿಯ ಮೇಲಿದ್ದಾನೆ' ಎನ್ನುವ ರೂಢಿ ಹುಟ್ಟಿದ್ದು ಹೀಗೆ.

ಗಾಡಿಗಿಂತಲೂ ಹೆಚ್ಚು ಭಯದ್ದು ಅದಕ್ಕೆ ಎರಡು ತಿಂಗಳು ಮೊದಲಿನ ಒಂದು ದಿನ. ದೊಡ್ಡ ಸ್ಪರ್ಧೆಗಳಲ್ಲಿ ವಿಷಯ ಪ್ರಕಟವಾದೊಡನೆ ವಿದ್ಯಾರ್ಥಿಗಳು ಶಾಲೆಯ ಪುಟ್ಟ ಪುಟ್ಟ ಗೂಡುಗಳಿಗೆ ಒಬ್ಬೊಬ್ಬರಾಗಿ ಹೋಗಬೇಕಿತ್ತು. ಪುಸ್ತಕವಿಲ್ಲ, ಗುರುವಿಲ್ಲ, ಗೆಳೆಯರಿಲ್ಲ. ಹನ್ನೆರಡು ಗಂಟೆಯೊಳಗೆ ಕಟ್ಟಡದ ಮೂಲ ಕಲ್ಪನೆಯನ್ನು ಚಿಕ್ಕ ಕರಡು ಚಿತ್ರದಲ್ಲಿ ಮೂಡಿಸಬೇಕು. ಇದಕ್ಕೆ 'ಎಸ್ಕೀಸ್' ಎಂದು ಹೆಸರು. ಸಂಜೆ ಕರಡನ್ನು ಶಾಲೆಗೆ ಒಪ್ಪಿಸಿ, ಅದರ ಪ್ರತಿಯೊಂದನ್ನು ಮಾತ್ರ ಹೊರಗೆ ಒಯ್ಯಬಹುದಿತ್ತು. ಮುಂದಿನ ಎರಡು ತಿಂಗಳು ಅತೆಲ್ಯೆಯಲ್ಲಿ ಗುರುವಿನ ಸಲಹೆ ಪಡೆದು ಅದನ್ನೇ ಬೆಳೆಸಬೇಕು. ಕಂಬಗಳ ಅಂತರ ಬದಲಿಸಬಹುದು, ಅಲಂಕಾರ ಬದಲಿಸಬಹುದು. ಆದರೆ ಮೂಲ ಕಲ್ಪನೆಯಿಂದ ಕದಲುವಂತಿಲ್ಲ. ಅಂತಿಮ ನಕ್ಷೆ ಕರಡಿಗೆ ಹೊಂದದಿದ್ದರೆ ಎಷ್ಟೇ ಚೆಂದವಿದ್ದರೂ ಸ್ಪರ್ಧೆಯಿಂದ ಹೊರಗೆ.

ಯೋಚಿಸಿ ನೋಡಿದರೆ ಇದೊಂದು ಕ್ರೂರ ನಿಯಮ. ಹದಿನೈದನೆಯ ದಿನ ಇನ್ನೂ ಒಳ್ಳೆಯ ಆಲೋಚನೆ ಹೊಳೆದರೆ ಅದನ್ನು ಕಸದಬುಟ್ಟಿಗೆ ಹಾಕಬೇಕು. ಆದರೆ ಶಾಲೆಯ ವಾದ ಬೇರೆ: ಯೋಜನೆ ವಿದ್ಯಾರ್ಥಿಯದೇ ಎಂಬುದಕ್ಕೆ ಪುರಾವೆ ಬೇಡವೇ? ಗುರುವೋ ಹಿರಿಯರೋ ಮಾಡಿಕೊಟ್ಟದ್ದಲ್ಲ ಎಂದು ತೋರಿಸಲು ಆ ಹನ್ನೆರಡು ಗಂಟೆಗಳ ಒಂಟಿತನವೇ ಸಾಕ್ಷಿ. ತಪ್ಪು ದಾರಿ ಹಿಡಿದರೂ ಆ ದಾರಿಯಲ್ಲೇ ಒಳ್ಳೆಯ ಕಟ್ಟಡ ಕಟ್ಟಬಲ್ಲವನೇ ವಾಸ್ತುಶಿಲ್ಪಿ ಎಂಬ ನಂಬಿಕೆಯೂ ಅದರಲ್ಲಿತ್ತು.

ತೀರ್ಪಿನ ವಿಷಯದಲ್ಲಿ ಮಾತ್ರ ಶಾಲೆಗೆ ಅಂಥ ಸಮರ್ಥನೆ ಇರಲಿಲ್ಲ. ಇಂದಿನ ಜ್ಯೂರಿಯಲ್ಲಿ ವಿದ್ಯಾರ್ಥಿ ತನ್ನ ನಕ್ಷೆಯ ಮುಂದೆ ನಿಂತು ವಿವರಿಸುತ್ತಾನೆ, ಬೈಸಿಕೊಳ್ಳುತ್ತಾನೆ, ಎದುರು ಮಾತೂ ಆಡುತ್ತಾನೆ. ಪ್ಯಾರಿಸ್‌ನಲ್ಲಿ ಜ್ಯೂರಿ ಕೂಡುತ್ತಿದ್ದದ್ದು ಮುಚ್ಚಿದ ಬಾಗಿಲ ಹಿಂದೆ. ನಕ್ಷೆ ಒಳಗೆ, ವಿದ್ಯಾರ್ಥಿ ಹೊರಗೆ. ಬಾಗಿಲು ತೆರೆದಾಗ ಫಲಿತಾಂಶ ಮಾತ್ರ ಗೊತ್ತಾಗುತ್ತಿತ್ತು, ಕಾರಣವಲ್ಲ. ತರಗತಿಗೆ ಇಷ್ಟು ವರ್ಷ ಎಂಬ ಲೆಕ್ಕವೂ ಇರಲಿಲ್ಲ. ಸ್ಪರ್ಧೆಗಳಲ್ಲಿ ಅಂಕ ಕೂಡಿಸುತ್ತ ಎರಡನೆಯ ವರ್ಗದಿಂದ ಮೊದಲನೆಯದಕ್ಕೆ ಏರಬೇಕು. ತುತ್ತತುದಿಯಲ್ಲಿ ರೋಮ್ ಬಹುಮಾನ. ಫ್ರೆಂಚ್ ಪ್ರಜೆಗಳಿಗಷ್ಟೇ ಮೀಸಲಾದ ಇದನ್ನು ಗೆದ್ದವನಿಗೆ ರೋಮಿನ ವಿಲ್ಲಾ ಮೆದಿಚಿಯಲ್ಲಿ ಸರ್ಕಾರದ ಖರ್ಚಿನಲ್ಲಿ ಕೆಲವು ವರ್ಷಗಳ ವಾಸ, ಮರಳಿದ ಮೇಲೆ ಸರ್ಕಾರಿ ಕಟ್ಟಡಗಳ ಕೆಲಸ. ನ್ಯಾಯಾಧೀಶರ ರುಚಿಗೆ ಒಗ್ಗದವರಿಗೆ ಈ ದಾರಿ ಎಷ್ಟು ಕಷ್ಟ ಎಂಬುದಕ್ಕೆ ಆನ್ರಿ ಲಾಬ್ರೂಸ್ತ್ ಉದಾಹರಣೆ. 1824ರಲ್ಲಿ ಬಹುಮಾನ ಗೆದ್ದ ಆತ ಇಟಲಿಯಿಂದ ಕಳಿಸಿದ ಪೆಸ್ತುಮ್ ದೇಗುಲಗಳ ನಕ್ಷೆಗಳು ಅಕಾಡೆಮಿಯ ಹಿರಿಯರನ್ನು ಕೆರಳಿಸಿದವು. 1830ರಲ್ಲಿ ಆತ ತೆರೆದ ಅತೆಲ್ಯೆಯ ಶಿಷ್ಯರಿಗೆ ಆ ಬಹುಮಾನ ದೂರವೇ ಉಳಿಯಿತು. ಕಬ್ಬಿಣದ ಕಮಾನುಗಳ ಸೇಂಟ್ ಜೆನೆವೀವ್ ಗ್ರಂಥಾಲಯ ಕಟ್ಟಿ ಹೆಸರಾದದ್ದು ಅದೇ ಲಾಬ್ರೂಸ್ತ್.

ವಿದ್ಯಾರ್ಥಿಗಳೇನೂ ಸುಧಾರಣೆಯ ಪರವಾಗಿದ್ದರು ಎಂದುಕೊಳ್ಳಬೇಕಾಗಿಲ್ಲ. 1864ರಲ್ಲಿ ಹೊಸ ವಿಚಾರದ ವಿಯೋಲೆ-ಲ-ದ್ಯುಕ್ ಕಲಾ ಇತಿಹಾಸದ ಉಪನ್ಯಾಸಕ್ಕೆ ಬಂದಾಗ ಅವರು ಕೂಗಿ, ಗದ್ದಲವೆಬ್ಬಿಸಿ ಮಾತಾಡಲು ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಆತ ರಾಜೀನಾಮೆ ಕೊಟ್ಟ. 1897ರಲ್ಲಿ ಶಾಲೆಗೆ ಹೆಣ್ಣುಮಕ್ಕಳು ಬಂದಾಗಲೂ ಅದೇ ಗದ್ದಲ. ಶಿಲ್ಪಿ ಎಲೆನ್ ಬೆರ್ತೋ ಮತ್ತು ಸಂಗಡಿಗರು ವರ್ಷಗಟ್ಟಲೆ ಹೋರಾಡಿ ಪಡೆದ ಪ್ರವೇಶವನ್ನು ಗಂಡು ವಿದ್ಯಾರ್ಥಿಗಳು ಧಿಕ್ಕಾರದ ಕೂಗಿನಿಂದ ಸ್ವಾಗತಿಸಿದರು.

ಆ ಹೊತ್ತಿಗೆ ಜೂಲಿಯಾ ಮಾರ್ಗನ್ ಪ್ಯಾರಿಸ್‌ನಲ್ಲಿದ್ದರು. ಕ್ಯಾಲಿಫೋರ್ನಿಯಾದ ಈ ಯುವತಿ 1894ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದವರು. ಇದೇ ಶಾಲೆಯಲ್ಲಿ ಕಲಿತಿದ್ದ ಬರ್ನಾರ್ಡ್ ಮೇಬೆಕ್ ಕೊಟ್ಟ ಉತ್ತೇಜನದಿಂದ 1896ರಲ್ಲಿ ಪ್ಯಾರಿಸ್‌ಗೆ ಬಂದಿದ್ದರು. ವಾಸ್ತುಶಿಲ್ಪ ವಿಭಾಗಕ್ಕೆ ಹೆಣ್ಣೊಬ್ಬಳು ಅದುವರೆಗೆ ಕಾಲಿಟ್ಟಿರಲಿಲ್ಲ. 1897ರ ಮೊದಲ ಪ್ರಯತ್ನದಲ್ಲಿ ಅವರಿಗೆ ಸಿಕ್ಕಿದ್ದು 42ನೆಯ ಸ್ಥಾನ. ಸೇರಿಸಿಕೊಳ್ಳುತ್ತಿದ್ದದ್ದು ಮೊದಲ 30 ಮಂದಿಯನ್ನು. ಎರಡನೆಯ ಸಲವೂ ಸೋಲು. ಹುಡುಗಿಯರಿಗೆ ಉತ್ತೇಜನ ಕೊಡುವ ಇಚ್ಛೆ ಪರೀಕ್ಷಕರಿಗಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದನ್ನು ಮಾರ್ಗನ್ ಪತ್ರವೊಂದರಲ್ಲಿ ಬರೆದಿದ್ದಾರೆ. ಮುಚ್ಚಿದ ಬಾಗಿಲ ಹಿಂದಿನ ತೀರ್ಪಿಗೆ ಮೇಲ್ಮನವಿ ಎಲ್ಲಿ ಸಲ್ಲಿಸುವುದು? ಅವರು ಮಾಡಿದ್ದು ಒಂದೇ, ಮತ್ತೆ ಓದಿದರು. 1898ರಲ್ಲಿ ಮೂರನೆಯ ಪ್ರಯತ್ನ. ಈ ಬಾರಿ 13ನೆಯ ಸ್ಥಾನ.

ಒಳಗೆ ಕಾಲಿಟ್ಟ ಮೇಲೆ ಇನ್ನೊಂದು ಶತ್ರು, ಪಂಚಾಂಗ. ಮಾರ್ಗನ್ ಹುಟ್ಟಿದ್ದು 1872ರ ಜನವರಿ 20ರಂದು. ಶಾಲೆ ಸೇರುವ ಹೊತ್ತಿಗೆ ಇಪ್ಪತ್ತಾರು ದಾಟಿತ್ತು. ಮೂವತ್ತು ತುಂಬುವುದರೊಳಗೆ ಸ್ಪರ್ಧೆಯ ಮೇಲೆ ಸ್ಪರ್ಧೆ ಗೆದ್ದು ಸಾಕಷ್ಟು ಅಂಕ ಕೂಡಿಸದಿದ್ದರೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಪ್ರವೇಶ ಪರೀಕ್ಷೆಯಲ್ಲಿ ಕಳೆದ ಒಂದೂವರೆ ವರ್ಷ ಈಗ ಲೆಕ್ಕಕ್ಕೆ ಬಂತು. ಗುರು ಶೋಸೆಮಿಶ್ ಅವರ ಅತೆಲ್ಯೆಯಲ್ಲಿ ದುಡಿದು, ಅರಮನೆಗೆ ಸೇರಿದ ರಂಗಮಂದಿರವೊಂದರ ವಿನ್ಯಾಸವನ್ನು ಹುಟ್ಟುಹಬ್ಬಕ್ಕೆ ಮುನ್ನ ಒಪ್ಪಿಸಿದರು. 1902ರಲ್ಲಿ ಪ್ರಮಾಣಪತ್ರ ಕೈಸೇರಿತು. ವಾಸ್ತುಶಿಲ್ಪದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು.

ಊರಿಗೆ ಮರಳಿ 1904ರಲ್ಲಿ ಪರವಾನಗಿ ಪಡೆದರು. ಅದೇ ವರ್ಷ ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿಗೆ ಅವರು ಕಟ್ಟಿಕೊಟ್ಟ ಕಾಂಕ್ರೀಟಿನ ಗಂಟೆ ಗೋಪುರ, 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶವನ್ನು ನೆಲಕ್ಕೊರಗಿಸಿದ ಭೂಕಂಪದಲ್ಲಿ ಅಲುಗದೆ ನಿಂತಿತು. ಕೆಲಸ ಹುಡುಕಿಕೊಂಡು ಬರತೊಡಗಿತು. ಪತ್ರಿಕೋದ್ಯಮಿ ಹರ್ಸ್ಟ್‌ನ ಬೆಟ್ಟದ ಮೇಲಿನ ಅರಮನೆಯೂ ಸೇರಿ ಸುಮಾರು ಏಳುನೂರು ಕಟ್ಟಡಗಳು ಅವರ ಲೆಕ್ಕದಲ್ಲಿವೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಚಿನ್ನದ ಪದಕವನ್ನು ಅವರಿಗೆ ಕೊಟ್ಟದ್ದು 2014ರಲ್ಲಿ, ಅವರು ತೀರಿಕೊಂಡ 57 ವರ್ಷಗಳ ಮೇಲೆ! ತೀರ್ಪುಗಾರರು ಎಲ್ಲ ದೇಶದಲ್ಲೂ ನಿಧಾನಸ್ಥರೇ.

ಅಷ್ಟರಲ್ಲಿ ಪ್ಯಾರಿಸ್ ಪದ್ಧತಿ ಜಗತ್ತು ಸುತ್ತಿತ್ತು. 1846ರಲ್ಲಿ ಅಲ್ಲಿ ಸೇರಿದ ಮೊದಲ ಅಮೆರಿಕನ್ ರಿಚರ್ಡ್ ಮಾರಿಸ್ ಹಂಟ್ ನ್ಯೂಯಾರ್ಕಿನಲ್ಲಿ ಅದೇ ಮಾದರಿಯ ಅತೆಲ್ಯೆ ತೆರೆದ. ಅವನ ಶಿಷ್ಯ ವಿಲಿಯಂ ವೇರ್ ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಅಮೆರಿಕದ ಮೊದಲ ವಾಸ್ತುಶಿಲ್ಪ ಶಾಲೆಯನ್ನು ಕಟ್ಟಿದ. ಸ್ಟುಡಿಯೋ, ಜ್ಯೂರಿ, ಗಡುವಿನ ನಕ್ಷೆ ಇವೆಲ್ಲ ಭಾರತಕ್ಕೆ ಬಂದದ್ದು ಇಂಗ್ಲೆಂಡಿನ ದಾರಿಯಾಗಿ, ಮುಂಬಯಿಯ ಸರ್ ಜೆ.ಜೆ. ಶಾಲೆಗೆ. ಅಲ್ಲಿ 1923ರಿಂದ ಎರಡು ದಶಕ ಮುಖ್ಯಸ್ಥರಾಗಿದ್ದ ಕ್ಲಾಡ್ ಬ್ಯಾಟ್ಲಿ, ಗ್ರೀಕ್ ಕಂಬಗಳ ಜೊತೆಗೆ ನಮ್ಮ ಹಳೆಯ ಕಟ್ಟಡಗಳನ್ನೂ ಅಳತೆಪಟ್ಟಿ ಹಿಡಿದು ಓದಬೇಕೆಂದರು. ಇಂದು ಹಂಪಿ, ಬಾದಾಮಿಗಳಲ್ಲಿ ಟೇಪು ಹಿಡಿದು ಕಂಬದ ಸುತ್ತ ಓಡಾಡುವ ವಿದ್ಯಾರ್ಥಿಗಳು ಆ ಪರಂಪರೆಯವರೇ. ಜೆ.ಜೆ. ಶಾಲೆಯ ಓದನ್ನು ನಡುವೆ ಬಿಟ್ಟು ಹೋದ ಬಾಲಕೃಷ್ಣ ದೋಶಿ, 1962ರಲ್ಲಿ ಅಹಮದಾಬಾದಿನಲ್ಲಿ ಹೊಸ ಶಾಲೆಯನ್ನೇ ಕಟ್ಟಿದರು. ಬೆಂಗಳೂರಿನ ಐಐಎಂ ಕಟ್ಟಡಗಳು ಅವರದೇ. ಅಹಮದಾಬಾದಿನ ಶಾಲೆಗೆ ಅವರು ಕೊಟ್ಟದ್ದು ಒಂದರೊಳಗೊಂದು ತೆರೆದುಕೊಳ್ಳುವ ಸ್ಟುಡಿಯೋಗಳನ್ನು; ಬಾಗಿಲುಗಳು ಕಡಿಮೆ.

ಪ್ಯಾರಿಸ್‌ನಲ್ಲಿ ಬಾಗಿಲು ತೆರೆಯಲು 1968ರ ಮೇ ತಿಂಗಳು ಬರಬೇಕಾಯಿತು. ವಿದ್ಯಾರ್ಥಿಗಳು ಶಾಲೆಯನ್ನೇ ವಶಪಡಿಸಿಕೊಂಡು, ನಕ್ಷೆ ಬರೆದ ಕೈಗಳಿಂದಲೇ ರಾತ್ರಿಯಿಡೀ ಭಿತ್ತಿಪತ್ರ ಅಚ್ಚು ಹಾಕಿ ನಗರದ ಗೋಡೆಗಳಿಗೆ ಅಂಟಿಸಿದರು. ಆ ವರ್ಷ ರೋಮ್ ಬಹುಮಾನದ ಸ್ಪರ್ಧೆ ಕೊನೆಗೊಂಡಿತು. ಡಿಸೆಂಬರಿನಲ್ಲಿ ವಾಸ್ತುಶಿಲ್ಪ ವಿಭಾಗವನ್ನು ಶಾಲೆಯಿಂದ ಬೇರ್ಪಡಿಸಿ ಹಲವು ಘಟಕಗಳಾಗಿ ಒಡೆಯಲಾಯಿತು. ಗೂಡುಗಳು ಹೋದವು, ಕೈಗಾಡಿ ಅದಕ್ಕೂ ಎಷ್ಟೋ ಮೊದಲೇ ಹೋಗಿತ್ತು. ಎಸ್ಕೀಸ್ ಮಾತ್ರ ಉಳಿದುಕೊಂಡಿದೆ. ಬೆಳಗ್ಗೆ ವಿಷಯ ಕೊಟ್ಟು ಸಂಜೆಯೊಳಗೆ ವಿನ್ಯಾಸ ಕೇಳುವ ಪರೀಕ್ಷೆ ನಮ್ಮ ಕಾಲೇಜುಗಳಲ್ಲಿ ಈಗಲೂ ಇದೆ. ವಿದ್ಯಾರ್ಥಿಗಳು ಅದನ್ನು 'ಟೈಮ್ ಪ್ರಾಬ್ಲಂ' ಎನ್ನುತ್ತಾರೆ.